ಬಾರದ ರೈಲಿನ ಬೆನ್ನು ಹತ್ತಿ

ಮೊದಲ ಸಲ ಓದಿದಾಗ ನಂಬಿಕೆಯೇ ಬರಲಿಲ್ಲ. ಇವತ್ತಿನ ಕಾರವಾರ ಪಟ್ಟಣ ಎದ್ದು ನಿಂತದ್ದು ಹತ್ತಿಗಾಗಿ! ಮಳೆಗಾಲ ಬಂತೆಂದರೆ ಬಟ್ಟೆ ಒಣಗುವುದೇ ಕಷ್ಟವಾಗುವ ಊರು ಅದು. ಹತ್ತಿಯ ಹೊಲವೆಂದರೆ ಘಟ್ಟ ಹತ್ತಿ ಧಾರವಾಡದ ಕಡೆಗೇ ಹೋಗಬೇಕು. ಆ ಕಪ್ಪುನೆಲದ ಹತ್ತಿ ಘಟ್ಟ ಇಳಿದು, ಕಾಳಿಯ ಮುಖಕ್ಕೆ ಬಂದು, ಹಡಗು ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಹೋಗಲಿ ಎಂದೇ ಒಂದು ಜಿಲ್ಲೆಯನ್ನು ಒಂದು ಪ್ರಾಂತದಿಂದ ಕಿತ್ತು ಇನ್ನೊಂದಕ್ಕೆ ಸೇರಿಸಿದರು, ದೀಪಸ್ತಂಭ ಕಟ್ಟಿದರು, ಕಾಡು ಕಡಿದು ಘಟ್ಟದ ದಾರಿ ಮಾಡಿದರು. ಕೊನೆಗೆ ಬರಬೇಕಿದ್ದದ್ದು ರೈಲು. ಅದೊಂದು ಮಾತ್ರ ಬರಲಿಲ್ಲ.

ನಾನು ಮಾದರಿ ರೈಲು ಕಟ್ಟುವವನು. ಹಲಗೆಯ ಮೇಲೆ ಹಳಿ, ಪ್ಲಾಸ್ಟರಿನಲ್ಲಿ ಗುಡ್ಡ, ಬೆರಳುದ್ದದ ಡಬ್ಬಿಗಳು. ಈ ಹವ್ಯಾಸದಲ್ಲಿರುವವರಿಗೆ ಬಿಟ್ಟುಹೋದ ಮಾರ್ಗಗಳೆಂದರೆ ವಿಶೇಷ ಮೋಹ. ಈಗ ಓಡದ ರೈಲು ಹಿಂದೆ ಹೇಗೆ ಓಡುತ್ತಿತ್ತು, ಎಲ್ಲಿ ನೀರು ತುಂಬಿಕೊಳ್ಳುತ್ತಿತ್ತು, ಏನು ಹೊರುತ್ತಿತ್ತು ಎಂದು ಹುಡುಕಿ ಕಟ್ಟುವುದೇ ಅದರ ಸುಖ. ಕಾರವಾರ-ಹುಬ್ಬಳ್ಳಿ ಮಾರ್ಗದ ವಿಚಾರ ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಇಲ್ಲಿ ಹಳಿ ಹಾಕುವುದಕ್ಕೂ ಮೊದಲೇ ಮಾರ್ಗವನ್ನು ಕೈಬಿಟ್ಟರು. ಹಾಗಿದ್ದರೂ ಅದರ ಕುರುಹು ಎಷ್ಟು ಕಡೆ ಬಿದ್ದಿದೆ ಅಂದರೆ, ಒಂದನ್ನು ಎತ್ತಿಕೊಂಡರೆ ಇನ್ನೊಂದು ಕೈಗೆ ಬರುತ್ತದೆ!

ಕಥೆ ಶುರುವಾಗುವುದು ಅಮೆರಿಕದಲ್ಲಿ. 1861ರಲ್ಲಿ ಅಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿತ್ತು, ಲಂಕಾಶೈರಿನ ಗಿರಣಿಗಳಿಗೆ ಹತ್ತಿ ನಿಂತಿತು. ಮ್ಯಾಂಚೆಸ್ಟರಿನ ವ್ಯಾಪಾರಿಗಳ ಕಣ್ಣು ಧಾರವಾಡದ ಮೇಲೆ ಬಿತ್ತು. ಯಾಕೆ ಧಾರವಾಡ? ಅಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜದ ಹತ್ತಿ ಹೊಲದಲ್ಲಿ ನೆಲೆಯೂರಿತ್ತು. ವ್ಯಾಪಾರದಲ್ಲಿ ಅದಕ್ಕೆ ‘ಧಾರವಾಡ ಅಮೆರಿಕನ್’ ಎಂದೇ ಹೆಸರು. ಜೊತೆಗೆ ನಮ್ಮದೇ ನಾಡಹತ್ತಿಯೂ ಇತ್ತು. ಅದನ್ನು ಕರೆಯುತ್ತಿದ್ದುದು ‘ಕುಮಟಾ’ ಎಂದು! ಬೆಳೆದದ್ದು ಬಯಲುಸೀಮೆಯಲ್ಲಿ, ಹೆಸರು ಮಾತ್ರ ಅದು ಹಡಗು ಹತ್ತುತ್ತಿದ್ದ ಕರಾವಳಿಯ ಊರಿನದು. ಲಿವರ್‌ಪೂಲಿನ ಪೇಟೆಯಲ್ಲಿ ಕುಮಟೆಯ ಹೆಸರು ಹೇಳಿ ಹತ್ತಿ ಮಾರುತ್ತಿದ್ದರು ಎಂಬುದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಆದರೆ ಆ ಹತ್ತಿ ಕರಾವಳಿಗೆ ಬರುತ್ತಿದ್ದ ಬಗೆ ನೋಡಿ. ಎತ್ತಿನ ಗಾಡಿ, ಗಾಡಿ ಇಳಿಯದ ಕಡೆ ಹೇರೆತ್ತು. ಲಂಬಾಣಿಗರ ಎತ್ತಿನ ಸಾಲುಗಳು ಸರಕು ಹೊತ್ತು ಘಟ್ಟ ಇಳಿಯುತ್ತಿದ್ದವು, ಹೋಗುವಾಗ ಉಪ್ಪು ಹೊತ್ತು ಘಟ್ಟ ಹತ್ತುತ್ತಿದ್ದವು. ಕುಮಟೆಯ ಬಂದರಿನಲ್ಲಿ ದೊಡ್ಡ ಹಡಗು ನಿಲ್ಲುವಷ್ಟು ಆಳವಿರಲಿಲ್ಲ. ಕಾರವಾರದ ಕೊಲ್ಲಿಯಲ್ಲಿ ಆಳವಿತ್ತು, ಗಾಳಿಗೆ ಅಡ್ಡವಾಗಿ ಗುಡ್ಡವಿತ್ತು, ಎದುರಿಗೆ ಕೂರ್ಮಗಡ, ದೇವಗಡದಂಥ ನಡುಗಡ್ಡೆಗಳಿದ್ದವು. ಪಕ್ಕದಲ್ಲೇ ಕಾಳಿ ನದಿ, ದೋಣಿಯಲ್ಲಿ ಕದ್ರಾದ ತನಕ ಹೋಗಬಹುದು. ಇಂಗ್ಲಿಷರಿಗೆ ಈ ಜಾಗ ಹೊಸದೇನೂ ಆಗಿರಲಿಲ್ಲ. 1638ರಷ್ಟು ಹಿಂದೆಯೇ ಅವರ ಕೋಠಿ ಈ ನದಿಯ ದಂಡೆಗೆ ಬಂದಿತ್ತು.

ಒಂದೇ ತೊಡಕು. ಹತ್ತಿ ಬೆಳೆಯುವ ಧಾರವಾಡ ಮುಂಬಯಿ ಪ್ರಾಂತದಲ್ಲಿ, ಬಂದರು ಮದ್ರಾಸ್ ಪ್ರಾಂತದಲ್ಲಿ. ಮದ್ರಾಸಿಗೆ ಮುಂಬಯಿಯ ಹತ್ತಿಗಾಗಿ ರಸ್ತೆ ಮಾಡಿಸುವ ಅವಸರ ಏಕೆ ಬೇಕು? ಆಗ ಆದದ್ದು ಕೇಳಿದರೆ ಮೈ ಜುಮ್ಮೆನ್ನುತ್ತದೆ: 1862ರಲ್ಲಿ ಇಡೀ ಉತ್ತರ ಕನ್ನಡವನ್ನೇ, ಕುಂದಾಪುರ ತಾಲ್ಲೂಕೊಂದನ್ನು ಬಿಟ್ಟು, ಮುಂಬಯಿಗೆ ವರ್ಗಾಯಿಸಿಬಿಟ್ಟರು! ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಅಲ್ಲಿಂದ 1956ರ ತನಕ, 94 ವರ್ಷ, ಒಂದೇ ಕರಾವಳಿಯ ಎರಡು ಕನ್ನಡ ಜಿಲ್ಲೆಗಳು ಎರಡು ಬೇರೆ ಪ್ರಾಂತಗಳ ಕಚೇರಿಗಳಿಗೆ ಅರ್ಜಿ ಬರೆದವು. ನಮ್ಮ ಜಿಲ್ಲೆಯ ಹಳೆಯ ದಸ್ತಾವೇಜಿನಲ್ಲಿ, ಮಾತಿನಲ್ಲಿ, ಶಾಲೆಯಲ್ಲಿ ಮರಾಠಿಯ ಮತ್ತು ಮುಂಬಯಿಯ ನೆರಳು ಇಷ್ಟು ಗಾಢವಾಗಿ ಏಕೆ ಬಿದ್ದಿದೆ ಎಂದು ಯಾರಾದರೂ ಕೇಳಿದರೆ ನಾನೀಗ ಒಂದು ಹತ್ತಿಯ ಮೂಟೆ ತೋರಿಸುತ್ತೇನೆ.

ಮುಂದಿನದೆಲ್ಲ ಓಟ. ಮೀನುಗಾರರ ಕೇರಿಯಿದ್ದ ಜಾಗದಲ್ಲಿ ಜಿಲ್ಲಾ ಕೇಂದ್ರ ಬಂತು. ದೇವಗಡ ನಡುಗಡ್ಡೆಯ ನೆತ್ತಿಯ ಮೇಲೆ 1864ರಲ್ಲಿ ದೀಪಸ್ತಂಭ ಎದ್ದಿತು. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಎಂಬ ಸಂಸ್ಥೆಯೇ ಹುಟ್ಟಿಕೊಂಡಿತು, ಅದರ ಕಾರ್ಯದರ್ಶಿ ಹೇವುಡ್ ಎಂಬಾತ ಸ್ವತಃ ಕಾಳಿಯ ಆಚೆ ದಂಡೆಯ ಸದಾಶಿವಗಡಕ್ಕೆ ಬಂದಿಳಿದು ಧಾರವಾಡದ ತನಕ ತಿರುಗಿದ. ಬಂದು ನೋಡಿದರೆ ರಸ್ತೆಯೇ ಸಿದ್ಧವಿಲ್ಲ! ಆ ಕಂಪನಿ ಬಾಳಲಿಲ್ಲ. ಆದರೆ ರಸ್ತೆಗಳು ಆದವು. ಅವುಗಳಲ್ಲಿ ಒಂದು ಕದ್ರಾದಿಂದ ಕೈಗಾ ಘಟ್ಟ ಹತ್ತಿ ಯಲ್ಲಾಪುರದ ಕಡೆ ಹೋಗುವ ದಾರಿ. ಇವತ್ತು ಕೈಗಾ ಎಂದರೆ ಅಣು ವಿದ್ಯುತ್ ಸ್ಥಾವರ ನೆನಪಾಗುತ್ತದೆ. ಕಾರವಾರ-ಇಳಕಲ್ ರಾಜ್ಯ ಹೆದ್ದಾರಿ ಹಿಡಿದು ಆ ತಿರುವುಗಳನ್ನು ಹತ್ತುವಾಗ, ಈ ದಾರಿಯನ್ನು ಅಮೆರಿಕದ ಯುದ್ಧವೊಂದು ಕಡಿಸಿತು ಎಂದು ಯಾರಿಗೆ ಹೊಳೆದೀತು?

ಇನ್ನು ರೈಲಿನ ಮಾತು. ಹತ್ತಿಗೆ ಗಾಡಿರಸ್ತೆ ಸಾಲದು, ಮಳೆಗಾಲದ ನಾಲ್ಕು ತಿಂಗಳು ಘಟ್ಟದ ದಾರಿ ಕೆಸರಿನ ಹಳ್ಳವಾಗುತ್ತದೆ. ಕಾರವಾರಕ್ಕೂ ಹುಬ್ಬಳ್ಳಿಗೂ ರೈಲು ಹಾಕಬೇಕೆಂಬ ಯೋಜನೆ 1867ರಿಂದ 1874ರವರೆಗೆ ಮತ್ತೆ ಮತ್ತೆ ಚರ್ಚೆಗೆ ಬಂತು. ಏಳು ವರ್ಷ! ಇದು ಹಗಲುಗನಸೂ ಆಗಿರಲಿಲ್ಲ. 1863ರಲ್ಲೇ ಮುಂಬಯಿಯ ಹಿಂದಿನ ಭೋರ್ ಘಾಟಿನಲ್ಲಿ ರೈಲು ಸಹ್ಯಾದ್ರಿಯನ್ನು ಏರಿತ್ತು. 37 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ, ಅಷ್ಟು ಕಡಿದಾದ ಏರು. ಘಟ್ಟ ಹತ್ತುವ ವಿದ್ಯೆ ಗೊತ್ತಿತ್ತು, ಹತ್ತಿ ಇತ್ತು, ಬಂದರು ಇತ್ತು.

ಹಾಗಾದರೆ ಕಾರವಾರಕ್ಕೆ ರೈಲು ತಪ್ಪಿದ್ದು ಯಾಕೆ? ಉತ್ತರ ಇರುವುದು ಲಿಸ್ಬನ್ನಿನಲ್ಲಿ. 1878ರ ಡಿಸೆಂಬರಿನಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಅಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಗೋವೆಯ ಉಪ್ಪು, ಸುಂಕದ ವಿಚಾರದಲ್ಲಿ ಬ್ರಿಟಿಷರ ಮಾತು ನಡೆಯಬೇಕು, ಬದಲಿಗೆ ಮುರಗಾಂವ್ ಬಂದರಿನಿಂದ ಬ್ರಿಟಿಷ್ ಸೀಮೆಗೆ ರೈಲು. ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ ಹುಟ್ಟಿತು. ಈಚೆ ಕಡೆ ಧಾತು-ಈಶ್ವರ ಸಂವತ್ಸರಗಳ ಬರಗಾಲ, ಅಂದರೆ 1876ರಿಂದ 1878ರ ಮಹಾಕ್ಷಾಮ, ಧಾರವಾಡ, ಬಿಜಾಪುರ, ಬಳ್ಳಾರಿಗಳನ್ನು ಹಿಂಡಿಹಾಕಿತ್ತು. ಕಾಳು ಸಾಗಿಸಲು ರೈಲು ಬೇಕೇಬೇಕು ಎಂಬ ಕೂಗೆದ್ದು 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ರೂಪುಗೊಂಡಿತು. ಎರಡೂ ಕಡೆಯಿಂದ ಮೀಟರ್ ಗೇಜ್ ಹಳಿ ಬಂದು 1888ರಲ್ಲಿ ಘಟ್ಟದ ನೆತ್ತಿಯಲ್ಲಿ, ಕ್ಯಾಸಲ್‌ರಾಕಿನಲ್ಲಿ, ಕೈ ಹಿಡಿದವು. ಹುಬ್ಬಳ್ಳಿಯ ಹತ್ತಿ ಮುರಗಾಂವಿಗೆ ಹರಿಯಿತು, ಕಾರವಾರದ ವ್ಯಾಪಾರ ಕುಸಿಯಿತು.

ನಕ್ಷೆ ಬಿಚ್ಚಿ ನೋಡಿದಾಗ ನನ್ನ ಉಸಿರು ನಿಂತದ್ದು ಇಲ್ಲಿ. ಕ್ಯಾಸಲ್‌ರಾಕ್ ಇರುವುದು ಎಲ್ಲಿ? ಜೋಯಿಡಾ ತಾಲ್ಲೂಕಿನಲ್ಲಿ. ಉತ್ತರ ಕನ್ನಡ ಜಿಲ್ಲೆಯಲ್ಲಿ! ಕಾರವಾರದ ಅನ್ನ ಕಿತ್ತುಕೊಂಡ ರೈಲು ಘಟ್ಟ ಇಳಿಯುವ ಮುನ್ನ ಕೊನೆಯ ಉಸಿರು ಎಳೆದುಕೊಳ್ಳುವುದು ಕಾರವಾರದ ಜಿಲ್ಲೆಯೊಳಗೇ. ಇನ್ನೂ ಒಂದು ಇದೆ. ಕಾರವಾರದ ದಂಡೆಗೆ ಅಷ್ಟು ಸಮೀಪದ ಅಂಜದೀವ ನಡುಗಡ್ಡೆ, ಬಿಣಗಾ-ಅರ್ಗಾದ ಎದುರಿಗಿರುವುದು, 1961ರ ತನಕ ಪೋರ್ಚುಗೀಸರದ್ದೇ ಆಗಿತ್ತು. ಗೆದ್ದವರ ಬಾವುಟ ಸೋತವರ ಮನೆಯ ಅಂಗಳದಿಂದ ಕಾಣುತ್ತಿತ್ತು.

1883ರ ಹೊತ್ತಿಗೆ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಸತ್ಯೇಂದ್ರನಾಥ ಠಾಕೂರರ ಮನೆಗೆ ತಮ್ಮ ರವೀಂದ್ರನಾಥರು ಬಂದಿದ್ದರು. ಕಾರವಾರದ ಕಡಲತೀರ ಅವರ ಹೆಸರು ಹೊತ್ತದ್ದು ಆ ಕಾರಣಕ್ಕೆ. ಹತ್ತಿಯ ಮೂಟೆ, ಕೂಲಿಯವರು, ಎಂಜಿನ್ನಿನ ಹೊಗೆ ತುಂಬಿರಬೇಕಿದ್ದ ಆ ಮರಳದಂಡೆ ಒಬ್ಬ ಕವಿ ನಡೆದಾಡುವಷ್ಟು ಖಾಲಿಯಾಗಿ ಉಳಿದಿತ್ತು.

ಇಷ್ಟೆಲ್ಲ ಕಾಗದ ಎಲ್ಲಿ ಸಿಗುತ್ತದೆ ಎಂದು ಕೇಳುವವರಿಗೆ: ಶುರುಮಾಡಬೇಕಾದದ್ದು ಮುಂಬಯಿ ಪ್ರಾಂತದ ಗೆಜೆಟಿಯರಿನ 15ನೇ ಸಂಪುಟದಿಂದ. ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ್ದು, ಎರಡು ಭಾಗ, ಪೂರ್ತಿ ಉತ್ತರ ಕನ್ನಡದ ಬಗ್ಗೆ, 1883ರದ್ದು. ಘಟ್ಟದ ಪ್ರತಿ ಕಣಿವೆ, ಪ್ರತಿ ಬಂದರು, ಯಾವ ದಾರಿಯಲ್ಲಿ ಏನು ಸರಕು ಎಂದು ಬರೆದಿಟ್ಟ ಆ ಪುಟಗಳು ಮಾದರಿ ಕಟ್ಟುವವನಿಗೆ ಅಕ್ಷಯಪಾತ್ರೆ. ಆಮೇಲೆ 1985ರ ಕರ್ನಾಟಕ ರಾಜ್ಯ ಗೆಜೆಟಿಯರ್. ಜಿಲ್ಲೆ ಮುಂಬಯಿಗೆ ಸೇರಿದ್ದರಿಂದ ಮೂಲ ಕಡತಗಳನ್ನು ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿ ಹುಡುಕಬೇಕು, ಬೆಂಗಳೂರಿನಲ್ಲಿ ಅಲ್ಲ. ಕೊನೆಯದಾಗಿ ಭಾರತೀಯ ಸರ್ವೇಕ್ಷಣಾ ಇಲಾಖೆಯ ನಕ್ಷೆ: ಕಾರವಾರ, ಅಂಕೋಲಾ, ಯಲ್ಲಾಪುರಕ್ಕೆ 48 ಜೆ, ಹುಬ್ಬಳ್ಳಿಗೆ 48 ಎಂ.

ಆ 48 ಜೆ ಹಾಳೆಗಳ ಮೇಲೆ ಸಮೋನ್ನತಿ ರೇಖೆಗಳನ್ನು ಬೆರಳಿನಲ್ಲಿ ಹಿಂಬಾಲಿಸುತ್ತ ಹೋಗುವುದಿದೆಯಲ್ಲ, ಅದಕ್ಕೆ ಸಾಟಿಯಾದ ಸುಖ ನನಗೆ ಬೇರೆ ಗೊತ್ತಿಲ್ಲ. ಯಲ್ಲಾಪುರ ಸಮುದ್ರಮಟ್ಟದಿಂದ ಐನೂರು ಮೀಟರಿಗಿಂತ ಮೇಲಿದೆ. ಅಂಕೋಲೆಯಲ್ಲಿ ಅಲೆ ಕಾಲು ತೊಳೆಯುತ್ತದೆ. ಆ ಐನೂರು ಮೀಟರ್ ಇಳಿಸಬೇಕು. ಭೋರ್ ಘಾಟಿನ ಹಾಗೆ 37ಕ್ಕೆ 1ರಂತೆ ಇಳಿಸಿದರೆ ಬರೀ ಇಳಿಜಾರಿಗೇ ಹದಿನೆಂಟೂವರೆ ಕಿಲೋಮೀಟರ್ ಹಳಿ ಬೇಕು, ಎಲ್ಲೂ ಒಂದು ಮಾರು ಸಮತಟ್ಟು ಇಲ್ಲದೆ. 100ಕ್ಕೆ 1ರಂತೆ ಆರಾಮಾಗಿ ಇಳಿಸಿದರೆ 50 ಕಿಲೋಮೀಟರ್. ಇಡಗುಂದಿ ದಾಟಿ ಅರಬೈಲಿನ ತಿರುವುಗಳಲ್ಲಿ ಲಾರಿಗಳು ಏದುಸಿರು ಬಿಡುವುದನ್ನು ನೋಡಿದವರಿಗೆ ಈ ಲೆಕ್ಕದ ತೂಕ ತಿಳಿಯುತ್ತದೆ.

ನಾನು ಕಟ್ಟುತ್ತಿರುವುದು 87ಕ್ಕೆ 1ರ ಪ್ರಮಾಣದಲ್ಲಿ. ಮೀಟರ್ ಗೇಜಿಗೆ ಈ ಪ್ರಮಾಣದಲ್ಲಿ 12 ಮಿಲಿಮೀಟರ್ ಅಗಲದ ಹಳಿ, ಅದು ಯುರೋಪಿನಲ್ಲಿ ತಯಾರಾಗಿ ಸಿಗುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಮೀಟರ್ ಗೇಜ್ ಪರ್ವತ ರೈಲುಗಳು ಇರುವುದರಿಂದ ನಮಗೆ ಆದ ಉಪಕಾರ ಇದು. ಈಗ ಗುಣಿಸಿ ನೋಡಿ. ಐನೂರು ಮೀಟರಿನ ಘಟ್ಟ ಈ ಪ್ರಮಾಣದಲ್ಲಿ ಸುಮಾರು 5.75 ಮೀಟರ್, ಹೆಚ್ಚುಕಡಿಮೆ ಎರಡು ಅಂತಸ್ತಿನ ಮನೆಯ ಎತ್ತರ! 37ಕ್ಕೆ 1ರ ಇಳಿಜಾರು 213 ಮೀಟರ್ ಉದ್ದ. ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ಇತ್ತೀಚಿನ ಯೋಜನೆಯ ಪ್ರಕಾರ (ಅದರ ಮಾತು ಮುಂದೆ ಬರುತ್ತದೆ) 168 ಕಿಲೋಮೀಟರ್. ಅದನ್ನು ಪೂರ್ತಿ ಹಾಸಿದರೆ 1.93 ಕಿಲೋಮೀಟರ್ ಮಾದರಿ ಹಳಿ. ಯಾವ ಮನೆಯೂ ಸಾಲದು. ಹಾಗಾಗಿ ಮೂರು ಜಾಗ ಆರಿಸಿಕೊಂಡೆ: ಹುಬ್ಬಳ್ಳಿಯ ಹತ್ತಿ ಪ್ರೆಸ್ಸಿನ ಅಂಗಳ, ಗಂಗಾವಳಿ ಕಣಿವೆಯ ಮೇಲಿನ ಘಟ್ಟದ ತಿರುವು, ಕಾರವಾರದ ಬೈತಖೋಲದ ಧಕ್ಕೆ. ನಡುವಿನ ದೂರವನ್ನು ಪರದೆಯ ಹಿಂದೆ ಸುರುಳಿ ಸುತ್ತುವ ಹಳಿ ನುಂಗಿಕೊಳ್ಳುತ್ತದೆ.

ಎಂಜಿನ್? ಅದಕ್ಕೂ ಉತ್ತರ ಇದೆ. ಆ ಕಾಲದ ಮೀಟರ್ ಗೇಜಿನ ದುಡಿಯುವ ಎತ್ತು ಎಂದರೆ ಎಫ್ ವರ್ಗದ ಉಗಿಬಂಡಿ, ಆರು ಚಕ್ರ, ಆರೂ ಎಳೆಯುವವೇ. ಭಾರತದಲ್ಲೇ ಪೂರ್ತಿ ತಯಾರಾದ ಮೊದಲ ಉಗಿಬಂಡಿ, ಅಜ್ಮೇರಿನ ಕಾರ್ಖಾನೆಯಿಂದ 1895ರಲ್ಲಿ ಹೊರಬಂದ ಎಫ್-734, ಇದೇ ವರ್ಗದ್ದು. ದೆಹಲಿಯ ರಾಷ್ಟ್ರೀಯ ರೈಲು ಸಂಗ್ರಹಾಲಯದಲ್ಲಿ ಈಗಲೂ ಅದನ್ನು ಕಣ್ಣಾರೆ ನೋಡಬಹುದು, ಅಳತೆ ತೆಗೆಯಬಹುದು. ಹತ್ತಿರದಲ್ಲೇ ಹುಬ್ಬಳ್ಳಿಯಲ್ಲಿ 2020ರಲ್ಲಿ ತೆರೆದ ರೈಲು ಸಂಗ್ರಹಾಲಯವೂ ಇದೆ, ಹಳೆಯ ದೀಪ, ಸಿಗ್ನಲ್, ಟಿಕೆಟ್ಟಿನ ಸಾಮಾನುಗಳ ಬಣ್ಣ ಆಕಾರ ತಿಳಿಯಲು ಅಲ್ಲಿಗೆ ಹೋಗಬೇಕು. ಘಟ್ಟ ಹೇಗೆ ಕಾಣಬೇಕು ಎಂಬುದಕ್ಕೆ ಕ್ಯಾಸಲ್‌ರಾಕಿನಿಂದ ಕುಳೆಗೆ ಇಳಿಯುವ ಮಾರ್ಗವೇ ಗುರು. ಅಲ್ಲಿಯೂ 37ಕ್ಕೆ 1ರ ಏರು, ಅದೇ ಜಂಬಿಟ್ಟಿಗೆ, ಅದೇ ಕಾಡು, ದೂಧಸಾಗರದ ಮುಂದಿನ ಕಮಾನು ಸೇತುವೆ. 1990ರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದರೂ ಬೆಟ್ಟ ಅದೇ.

ಡಬ್ಬಿಗಳಲ್ಲಿ ಏನು ತುಂಬಬೇಕು ಎಂಬುದು ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗ. ಇಳಿಯುವಾಗ ಹತ್ತಿಯ ಮೂಟೆ. ಮುಂಬಯಿ ಪೇಟೆಯ ಲೆಕ್ಕದಲ್ಲಿ ಒಂದು ಮೂಟೆಗೆ 392 ಪೌಂಡ್, ಅಂದರೆ ಸುಮಾರು 178 ಕಿಲೋ. ಜೊತೆಗೆ ಯಲ್ಲಾಪುರದ ಕಡೆಯ ತೇಗದ ದಿಮ್ಮಿ. ಹತ್ತುವಾಗ ಸಾಣಿಕಟ್ಟೆಯ ಉಪ್ಪು, ತೆಂಗಿನಕಾಯಿ, ಒಣಮೀನು. ಅಂಕೋಲೆಯಲ್ಲಿ ಮೇ ತಿಂಗಳಾದರೆ ಇಶಾಡ ಮಾವಿನ ಬುಟ್ಟಿಗಳನ್ನು ಒಂದು ಡಬ್ಬಿಗೆ ಹೇರುವುದು ನನ್ನದೇ ಆಸೆ. ಆ ಹಣ್ಣು ಒಂದೇ ದಿನದಲ್ಲಿ ಹುಬ್ಬಳ್ಳಿ ಸೇರಿದ್ದರೆ ಅದರ ಹೆಸರು ಇವತ್ತು ಎಲ್ಲಿರುತ್ತಿತ್ತೋ!

ಮಾರ್ಗ ಹಾಳೆಯ ಮೇಲೆ ಸತ್ತಿದ್ದು ಒಂದೇ ಸಲವಲ್ಲ ಎಂಬುದು ಇನ್ನೊಂದು ಬೆರಗು. 1998ರ ಜನವರಿ 26ರಂದು ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದು ಕಾರವಾರ, ಅಂಕೋಲಾಗಳಿಗೆ ಮುಂಬಯಿ-ಮಂಗಳೂರು ರೈಲು ಸಿಕ್ಕಿತು. ಅದು ತೆಂಕಣದಿಂದ ಬಡಗಣಕ್ಕೆ ಓಡುವ ಹಳಿ, ಘಟ್ಟದ ಮೇಲಕ್ಕೆ ಹೋಗುವುದಿಲ್ಲ. ಅದೇ ಹೊತ್ತಿಗೆ, 1997-98ರಲ್ಲಿ, ಹುಬ್ಬಳ್ಳಿ-ಅಂಕೋಲಾ ಮಾರ್ಗಕ್ಕೆ ಮಂಜೂರಾತಿ ಸಿಕ್ಕಿತು. ಕಲಘಟಗಿ, ಕಿರವತ್ತಿ, ಯಲ್ಲಾಪುರ, ಸುಂಕಸಾಳ, ಅಂಕೋಲಾ. ಈ ಸಲ ಹತ್ತಿಯ ಜಾಗದಲ್ಲಿ ಬಳ್ಳಾರಿ ಸೀಮೆಯ ಅದಿರು. ಹುಬ್ಬಳ್ಳಿ ಕಡೆಯ ಬಯಲಿನಲ್ಲಿ ಮಣ್ಣಿನ ಏರಿ, ಸೇತುವೆಗಳ ಕೆಲಸ ಒಂದಿಷ್ಟು ನಡೆದು ನಿಂತಿತು. ಮುಂದಿನದು ಕಾಡು. ಸುಮಾರು 595 ಹೆಕ್ಟೇರ್ ಅರಣ್ಯ ಬೇಕು, ಮರಗಳ ಲೆಕ್ಕ ಲಕ್ಷಗಳಲ್ಲಿ. 2020ರ ಮಾರ್ಚಿನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿದರೂ ವಿಷಯ ಹೈಕೋರ್ಟಿನ ಮೆಟ್ಟಿಲು ಹತ್ತಿತು.

ಇದರಲ್ಲಿ ನನ್ನ ನಿಲುವನ್ನು ಹೇಳಿಯೇ ಬಿಡುತ್ತೇನೆ. ರೈಲನ್ನು ಇಷ್ಟು ಪ್ರೀತಿಸುವ ನಾನು ಬೇಡ್ತಿ-ಕಾಳಿ ನಡುವಿನ ಆ ಕಾಡನ್ನು ಕೊಟ್ಟು ರೈಲು ತರುವುದಕ್ಕೆ ಒಪ್ಪಲಾರೆ. 1870ರ ದಶಕದಲ್ಲಿ ಅಲ್ಲಿ ಹಳಿ ಬಿದ್ದಿದ್ದರೆ ದಿಮ್ಮಿ ವ್ಯಾಪಾರ ಆ ಕಣಿವೆಯನ್ನು ಬೋಳಿಸದೆ ಬಿಡುತ್ತಿರಲಿಲ್ಲ. ಹಾರ್ನ್‌ಬಿಲ್ ಹಕ್ಕಿ ಇವತ್ತೂ ಅಲ್ಲಿ ಹಾರುತ್ತಿದೆ ಎಂದರೆ ಅದರಲ್ಲಿ ಲಿಸ್ಬನ್ನಿನ ಆ ಸಹಿಗೂ ಒಂದು ಪಾಲು ಇದೆ. ಮಾದರಿಯಲ್ಲಿ ನಾನು ಮಾಡುವುದು ಕಾಡನ್ನೂ ರೈಲನ್ನೂ ಒಟ್ಟಿಗೆ ಇಡುವುದು. ಪ್ಲಾಸ್ಟರಿನ ಮೇಲೆ ಒಣ ಪಾಚಿ ಅಂಟಿಸಿ ಅರಬೈಲಿನ ದಟ್ಟಣೆ ತರುವುದಕ್ಕೇ ಹಳಿ ಹಾಕುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ಜಿಲ್ಲೆಯ ಮೇಲಂಚಿನಲ್ಲಿ ಸತ್ತ ರೈಲು ಎದ್ದು ಬಂದದ್ದೂ ಉಂಟು. ದಾಂಡೇಲಿಯ ಕಾಡಿನ ದಿಮ್ಮಿಗಾಗಿ ಬ್ರಿಟಿಷರ ಕಾಲದಲ್ಲಿ ಹಾಕಿದ ಅಳ್ನಾವರ-ದಾಂಡೇಲಿ ಮಾರ್ಗದಲ್ಲಿ ಪ್ರಯಾಣಿಕರ ರೈಲು ನಿಂತು ದಶಕಗಳಾಗಿದ್ದವು. 2019ರ ನವೆಂಬರಿನಲ್ಲಿ ಅಂಬೇವಾಡಿ ನಿಲ್ದಾಣಕ್ಕೆ ಮತ್ತೆ ಅದು ಬಂತು. ಮಾದರಿಗೆ ಹೊಸಬರಾದವರು ಅದರಿಂದ ಶುರುಮಾಡಲಿ. ಚಿಕ್ಕ ಮಾರ್ಗ, ಕಾಡು, ಒಂದೇ ಕೊನೆಯ ನಿಲ್ದಾಣ, ಎಲ್ಲವೂ ಒಂದು ಹಲಗೆಯ ಮೇಲೆ ಕೂರುತ್ತದೆ.

ಕಾರವಾರದ ಮಾರ್ಗ ಮಾತ್ರ ಒಬ್ಬನ ಕೈಯಲ್ಲಿ ಮುಗಿಯುವಂಥದ್ದಲ್ಲ. ಅಂಕೋಲಾ, ಯಲ್ಲಾಪುರ, ಕದ್ರಾ, ಕೋಡಿಬಾಗದ ಹಳೆಯ ಮನೆಗಳಲ್ಲಿ ಹತ್ತಿಯ ವಖಾರಿಯ ಲೆಕ್ಕದ ಪುಸ್ತಕ, ಬಂದರಿನ ರಸೀದಿ, ಘಟ್ಟದ ಗಾಡಿದಾರಿಯ ಚಿತ್ರ, ಅಜ್ಜಂದಿರ ಗಾಡಿ ಹೂಡಿದ ಕಥೆ ಏನಾದರೂ ಉಳಿದಿದ್ದರೆ ಗೆದ್ದಲಿಗೆ ಬಿಡಬೇಡಿ. ಚಿತ್ರ ತೆಗೆದಿಡಿ, ಊರಿನ ಗ್ರಂಥಾಲಯಕ್ಕೆ ಒಂದು ಪ್ರತಿ ಕೊಡಿ, ಹಿರಿಯರ ಮಾತನ್ನು ಫೋನಿನಲ್ಲಿ ದಾಖಲಿಸಿ. ಜಿಲ್ಲೆಯ ಶಾಲೆಗಳ ಮೇಷ್ಟರು ಮಕ್ಕಳ ಮುಂದೆ 48 ಜೆ ನಕ್ಷೆ ಹಾಸಿ, ಹುಬ್ಬಳ್ಳಿಯಿಂದ ಕಡಲಿಗೆ ನೀವಾದರೆ ಹಳಿಯನ್ನು ಎಲ್ಲಿ ಇಳಿಸುತ್ತಿದ್ದಿರಿ ಎಂದು ಒಮ್ಮೆ ಕೇಳಿ ನೋಡಲಿ.